ಬಿಚ್ಚುವ ಮೊದಲು ಇಳಿಸಬೇಕು

ಜೂನ್ ೪

ಅಕ್ಕಾ,

ಲಕೋಟೆ ನೋಡಿದ ಕೂಡಲೇ "ಇವನಿಗೆ ಏನೋ ಬೇಕಾಗಿದೆ" ಎಂದು ಭಾವನ ಹತ್ತಿರ ಹೇಳಿರುತ್ತೀಯ. ಹೌದು, ಬೇಕಾಗಿದೆ.

ನನ್ನ ಗಿಟಾರಿನ ಆಂಪ್ಲಿಫೈಯರನ್ನು ಲಾರಿಗೆ ಹಾಕಿಸಿ ನಿನಗೆ ಕಳಿಸುತ್ತಿದ್ದೇನೆ. ನೀನು ನೋಡಿದ್ದೀಯ, ಅದೇ ಕಪ್ಪು ಪೆಟ್ಟಿಗೆ. ಅದರೊಳಗೆ ಎರಡು ವಸ್ತುಗಳು ಒಂದೇ ಮನೆಯಲ್ಲಿವೆ. ಮೇಲ್ಗಡೆ ಹಳೆಯ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವು, ಟ್ರಾನ್ಸ್‌ಫಾರ್ಮರು, ತಿರುಗಿಸುವ ಗುಂಡಿಗಳು ಕೂತಿರುವ ಒಂದು ಕಬ್ಬಿಣದ ತಟ್ಟೆ ತಲೆಕೆಳಗಾಗಿ ನೇತಾಡುತ್ತದೆ. ಆಂಪ್ಲಿಫೈಯರ್ ಅಂದರೆ ಅದು. ಕೆಳಗಡೆ ಇರುವುದು ಸ್ಪೀಕರು. ಇವೆರಡನ್ನೂ ಬೇರೆ ಹಾಕಬೇಕು. ಮೇಲಿನದಕ್ಕೆ ಒಂದು ಚಿಕ್ಕ ಪೆಟ್ಟಿಗೆ ಬೇಕು, ಅದಕ್ಕೆ ನಾವು ಹೆಡ್ ಅನ್ನುತ್ತೇವೆ. ಸ್ಪೀಕರಿಗೆ ಇನ್ನೊಂದು ಪೆಟ್ಟಿಗೆ, ಅದು ಕ್ಯಾಬಿನೆಟ್. ನಡುವೆ ಒಂದು ದಪ್ಪ ವೈರು. ಹೆಡ್ಡಿನ ಹಿಂದೆ ಗಾಳಿ ಆಡುವಂತೆ ಕಿಂಡಿ ಬಿಡು, ವಾಲ್ವುಗಳು ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾಯುತ್ತವೆ.

ಯಾಕೆ ಎಂದು ಕೇಳುತ್ತೀಯ. ಬೆನ್ನು. ಒಂದೇ ತುಂಡಾಗಿ ಎತ್ತಿದರೆ ಸೊಂಟದಲ್ಲಿ ಚಳುಕು ಹಿಡಿಯುತ್ತದೆ. ಎರಡಾದರೆ ಎರಡು ಸಲ ಎತ್ತಬಹುದು. ಇಲ್ಲಿಯೂ ಮಾಡಿಕೊಡುವವರು ಇದ್ದಾರೆ, ಆದರೆ ತಕ್ಕಡಿಯಿಂದ ಹಿಡಿದು ಪಿಟೀಲಿನ ತನಕ ಊರಿಗೆಲ್ಲ ಪೆಟ್ಟಿಗೆ ಮಾಡಿಕೊಡುವ ಅಕ್ಕನನ್ನು ಬಿಟ್ಟು ಯಾರ ಬಾಗಿಲಿಗೆ ಹೋಗಲಿ?

ಇನ್ನೊಂದು ಮಾತು. ಕ್ಯಾಬಿನೆಟ್ಟಿನ ಮೇಲೆ ಒಬ್ಬ ಮನುಷ್ಯ ಕೂತರೆ ತಡೆಯಬೇಕು.

ಒಳಗೆ ಕೈ ಹಾಕುವ ಕೆಲಸ ನಿನ್ನದಲ್ಲ. ನಿಮ್ಮ ಬೀದಿಯ ಟೀವಿ ರಿಪೇರಿಯವನ ಕೈಯಲ್ಲಿ ಬಿಚ್ಚಿಸು. ಬಿಚ್ಚುವ ಮೊದಲು ಇಳಿಸಬೇಕು ಎಂದು ಅವನಿಗೆ ನೆನಪು ಮಾಡು. ಇದೊಂದನ್ನು ಮಾತ್ರ ಮರೆಯಬೇಡ.

ಫೋನ್ ಮಾಡಬೇಡ, ಹೋಟೆಲಿನ ಲೈನು ಕೆಟ್ಟು ಕೂತಿದೆ. ಪತ್ರ ಬರಿ.

ನಿನ್ನ ಕಡ್ಡಿ


ಜೂನ್ ೧೪

ಕಡ್ಡಿ,

ನಿನ್ನ ಸಾಮಾನು ಬಂತು. ಲಾರಿಯವನು ಅದನ್ನು ಇಳಿಸಿದ ರೀತಿ ನೋಡಿದರೆ ಒಳಗೆ ಕಲ್ಲು ತುಂಬಿದೆ ಅಂದುಕೊಂಡಿರಬೇಕು. ಇದನ್ನು ನೀನು ಇಷ್ಟು ವರ್ಷ ಹೊತ್ತು ತಿರುಗಿದ್ದೀಯ. ಬೆನ್ನು ನೋಯದೆ ಇನ್ನೇನಾಗುತ್ತದೆ? ಹೆಡ್ ಅಂದರೆ ತಲೆ ತಾನೆ ಎಂದು ನಿನ್ನ ಭಾವ ಕೇಳಿದರು. ಹೌದು ಅಂದೆ. "ರುಂಡ ಬೇರೆ, ಮುಂಡ ಬೇರೆ ಮಾಡಿಸ್ಕೊಳ್ಳೋಕೆ ಅಕ್ಕನ ಹತ್ರಾನೇ ಕಳಿಸಿದಾನೆ, ಧೈರ್ಯವಂತ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ರುಂಡ, ಮುಂಡ.

ಅಳತೆ ತೆಗೆದೆ. ನಿನ್ನ ಸೊಂಟ ನೆನಪಿಸಿಕೊಂಡು ತೆಳ್ಳಗಿನ ಪ್ಲೈವುಡ್ ತರಿಸಿದ್ದೇನೆ. ಒಂದು ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ. ಕೂರುವ ವಿಚಾರ ಮಾತ್ರ ತಲೆಗೆ ಹೋಗಲಿಲ್ಲ. ಅಷ್ಟು ದೊಡ್ಡ ಹೋಟೆಲಿನಲ್ಲಿ ದಿನಾ ಗಿಟಾರು ನುಡಿಸುವವನಿಗೆ ಒಂದು ಕುರ್ಚಿ ಕೊಡುವುದಿಲ್ಲವೇ? ನಿನ್ನಂಥ ಕಡ್ಡಿ ಕೂತರೆ ಯಾವ ಪೆಟ್ಟಿಗೆಯೂ ಮುರಿಯುವುದಿಲ್ಲ, ಆದರೂ ಕೇಳಿದ್ದೀಯಲ್ಲ, ನೋಡುತ್ತೇನೆ. ಸೊಂಟಕ್ಕೆ ಕಟ್ಟುವ ಬೆಲ್ಟು ಒಂದು ಕಳಿಸುತ್ತಿದ್ದೇನೆ. ನಾಚಿಕೆಪಡದೆ ಕಟ್ಟಿಕೋ.

ಟೀವಿ ರಿಪೇರಿಯವನು ನಾಳೆ, ನಾಳಿದ್ದು ಎಂದು ರಾಗ ಎಳೆಯುತ್ತಿದ್ದಾನೆ. ನನಗೆ ಸಾಕಾಯಿತು. ಹಿಂದಿನಿಂದ ನೋಡಿದರೆ ನಾಲ್ಕು ಸ್ಕ್ರೂ. ಅಷ್ಟಕ್ಕೆ ಅವನ ಕಾಲು ಹಿಡಿಯಬೇಕೇ? ಭಾನುವಾರ ನಿನ್ನ ಭಾವನಿಗೆ ರಜೆ. ಲಾರಿಯಲ್ಲಿ ಏಟು ಬಿದ್ದಿದೆಯೋ ಏನೋ, ಒಮ್ಮೆ ಪ್ಲಗ್ ಹಾಕಿ ಆನ್ ಮಾಡಿ ನೋಡುತ್ತೇವೆ. ಆಮೇಲೆ ಪ್ಲಗ್ ಕಿತ್ತು ನಾನೇ ಬಿಚ್ಚುತ್ತೇನೆ. ನೀನು ಹೇಳಿದ ಹಾಗೆ ಮೊದಲು ಇಳಿಸಿಯೇ ಬಿಚ್ಚುವುದು, ಭಯ ಬೇಡ. ಬೆಂಚಿನ ಮೇಲಿಂದ ಒಬ್ಬಳೇ ಇಳಿಸುವುದಕ್ಕೆ ಆಗುವುದಿಲ್ಲ, ಅವರು ಒಂದು ಕಡೆ ಹಿಡಿಯುತ್ತಾರೆ.

ಲೈನು ಕೆಟ್ಟಿದ್ದರೆ ಹೋಟೆಲಿನವರು ರಿಪೇರಿ ಮಾಡಿಸುವುದಿಲ್ಲವೇ? ಪಕ್ಕದ ಅಂಗಡಿಯ ಫೋನು ಚೆನ್ನಾಗಿಯೇ ಇದೆ. ನಿನ್ನ ಧ್ವನಿ ಕೇಳಿ ಎಷ್ಟು ದಿನವಾಯಿತು.

ಅಕ್ಕ


ಜೂನ್ ೧೭, ಭಾನುವಾರ ಬೆಳಿಗ್ಗೆ

ಅಕ್ಕಾ, ಅದನ್ನು ಮುಟ್ಟಬೇಡ.

ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ, ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಒಂದು ವೇಳೆ ಭಾವನಿಗೆ ಬೇರೇನೋ ಕೆಲಸ ಬಂದು ನೀವು ಬಿಚ್ಚದೆ ಬಿಟ್ಟಿದ್ದರೆ, ಬಿಚ್ಚಲೇಬೇಡಿ.

ಇಳಿಸುವುದು ಎಂದರೆ ಬೆಂಚಿನಿಂದ ಕೆಳಗೆ ಇಡುವುದಲ್ಲ. ಬ್ಯಾಟರಿ ಇಳಿದಿದೆ ಅನ್ನುತ್ತೇವಲ್ಲ, ಆ ಇಳಿಯುವುದು. ಒಳಗೆ ಡಬ್ಬಿಯಂಥ ಕೆಪಾಸಿಟರುಗಳಿವೆ. ಅವು ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಪ್ಲಗ್ ಕಿತ್ತರೂ ಒಳಗೆ ಕರೆಂಟು ಹಾಗೆಯೇ ಇರುತ್ತದೆ, ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚು. ಬೇರೆ ಆಂಪ್ಲಿಫೈಯರುಗಳಲ್ಲಿ ಅದು ತಾನಾಗಿಯೇ ಇಳಿದುಹೋಗುತ್ತದೆ. ನನ್ನದರಲ್ಲಿ ಆ ಭಾಗ ಸುಟ್ಟುಹೋಗಿದೆ. ಸರಿಮಾಡಿಸುತ್ತೇನೆ, ಮಾಡಿಸುತ್ತೇನೆ ಎಂದು ಮಾಡಿಸಲಿಲ್ಲ. ಅದಕ್ಕೇ ಮೆಕ್ಯಾನಿಕ್ ಬೇಕು ಅಂದದ್ದು. "ಇಳಿಸಬೇಕು" ಎಂದು ಒಂದೇ ಮಾತು ಬರೆದು ಕೈತೊಳೆದುಕೊಂಡೆ. ಅವನಿಗೆ ಗೊತ್ತಿರುತ್ತದೆ ಎಂದುಕೊಂಡೆ, ಓದುವವಳು ನೀನು ಎನ್ನುವುದನ್ನೇ ಮರೆತೆ.

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಆನ್ ಮಾಡಿ ನೋಡಿ ಆಮೇಲೆ ಬಿಚ್ಚುತ್ತೇನೆ ಎಂದು ಬರೆದಿದ್ದೀಯ. ಅಂದರೆ ಕರೆಂಟು ತುಂಬಿಸಿ ಕೈ ಹಾಕುತ್ತೀಯ. ಕೂಡಲೇ ಹೋಟೆಲಿನ ಗುಮಾಸ್ತರ ಕೈಯಲ್ಲಿ ನಿಮ್ಮ ಪಕ್ಕದ ಅಂಗಡಿಗೆ ಫೋನ್ ಮಾಡಿಸಿದೆ. ಯಾರೂ ಎತ್ತಲಿಲ್ಲ ಅಂದರು. ಇವತ್ತು ಮತ್ತೆ ಮಾಡಿಸಿದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಅಲ್ಲವೇ? ಬಸ್ಸು ಹತ್ತೋಣವೆಂದರೂ ನಾಳೆ ಮಧ್ಯಾಹ್ನಕ್ಕೆ ಮುಂಚೆ ಅಲ್ಲಿಗೆ ತಲುಪುವುದಿಲ್ಲ.

ಭಾವ ಒಂದು ಕಡೆ ಹಿಡಿಯುತ್ತಾರೆ ಎಂದು ಬರೆದಿದ್ದೀಯ. ಏಟು ಬಿದ್ದರೆ ಇಬ್ಬರಿಗೂ ಬೀಳಬಹುದು, ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ಈ ಪತ್ರ ಸಿಕ್ಕಿದ ಕೂಡಲೇ ಎರಡೇ ಸಾಲು ಬರಿ. ನೀನೇ ಬರಿ, ನಿನ್ನ ಅಕ್ಷರದಲ್ಲಿ.

ಕಡ್ಡಿ


ಜೂನ್ ೨೧

ಅಕ್ಕಾ,

ನಿನ್ನೆ ಗುಮಾಸ್ತರು ಮೆಟ್ಟಿಲು ಹತ್ತಿ ಬಂದು ನಿಮ್ಮಕ್ಕನ ಫೋನು ಅಂದಾಗ ಹೋದ ಜೀವ ಬಂತು. ನೀನೇ, ನಿನ್ನದೇ ಧ್ವನಿ. ಏಟು ತಿಂದವಳು ಅಷ್ಟು ಹೊತ್ತು ಮಾತಾಡುತ್ತಾಳೆಯೇ? ನಡುವೆ ನಕ್ಕೆಯಲ್ಲ, ನನಗೆ ಅದೇ ಸಾಕು. ಅಡುಗೆಯವರು ಕೂಗಾಡುತ್ತಿದ್ದರು, ಅದಕ್ಕೇ ನಾನು ಹೆಚ್ಚು ಮಾತಾಡಲಿಲ್ಲ, ತಪ್ಪು ತಿಳಿಯಬೇಡ.

ರಾತ್ರಿ ಹೊಟ್ಟೆ ತುಂಬ ಉಂಡೆ. ಭಾನುವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಬಿಚ್ಚಿ ಆಗಿದ್ದರೆ ಇನ್ನು ಭಯವಿಲ್ಲ. ಒಂದು ವಿಷಯ ಮಾತ್ರ: ಸ್ಪೀಕರಿನ ವೈರು ಸೇರಿಸದೆ ಹೆಡ್ಡನ್ನು ಆನ್ ಮಾಡಬೇಡಿ. ಹೊರುವುದಕ್ಕೆ ಏನೂ ಕೊಡದಿದ್ದರೆ ಅದು ತನ್ನನ್ನೇ ಸುಟ್ಟುಕೊಳ್ಳುತ್ತದೆ. ಮತ್ತೆ, ಹಗುರ ಮಾಡುವ ಭರದಲ್ಲಿ ಕೂರುವುದನ್ನು ಮರೆಯಬೇಡ ಅಕ್ಕಾ. ಬೇಗ ಕಳಿಸಿದರೆ ಒಳ್ಳೆಯದು. ಸದ್ಯಕ್ಕೆ ಹೋಟೆಲಿನವರ ಹಳೆಯ ಸ್ಪೀಕರಿನಲ್ಲಿ ಕಾಲ ತಳ್ಳುತ್ತಿದ್ದೇನೆ, ಸರಿಹೋಗುತ್ತಿಲ್ಲ.

ಬೆಲ್ಟು ಬಂತು. ಕಟ್ಟಿಕೊಂಡಿದ್ದೇನೆ.

ಕಡ್ಡಿ


ಜುಲೈ ೨

ತಮ್ಮನಿಗೆ,

ನಾನು ನಕ್ಕೆನಂತೆ. ಸಂತೋಷ.

ರುಂಡ, ಮುಂಡ ಎರಡೂ ಸಿದ್ಧವಾಗಿವೆ. ಹಲಗೆ ನಿನ್ನ ಭಾವ ಕೊಯ್ದರು, ನಾನು ಕೂತು ಹೇಳಿದೆ. ಟೀವಿ ರಿಪೇರಿಯವನು ಕೊನೆಗೂ ಬಂದು ವೈರು ಸೇರಿಸಿ ಹೋದ. ನಾಳೆ ಲಾರಿಗೆ ಹಾಕಿಸುತ್ತಾರೆ.

ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೇನೆ. ನೀನು "ಸರಿ ಅಕ್ಕ, ಒಳ್ಳೇದಾಯ್ತು" ಅಂದೆ. ಮತ್ತೆ ಹೇಳಿದೆ. "ನಂದು ಊಟ ಆಯ್ತು" ಅಂದೆ. ಅಂಗಡಿಯವರು ನನ್ನ ಮುಖ ನೋಡುತ್ತಿದ್ದರು. ಫೋನ್ ಇಟ್ಟು ಬಂದೆ.

ಅಕ್ಷರ ನೋಡಿ ಏನೂ ಕೇಳಬೇಡ. ಪೆನ್ನು ಸರಿಯಿಲ್ಲ.

ಅಕ್ಕ


ಜುಲೈ ೬

ಅಕ್ಕಾ,

ನಿನ್ನ ಪತ್ರ ಕೈಯಲ್ಲಿದೆ. ಮೇಲಿನ ವಿಳಾಸ ಭಾವನ ಅಕ್ಷರ. ಒಳಗಿನದು ಒಂದನೇ ತರಗತಿಯ ಮಗುವಿನದು. ಪೆನ್ನು ಸರಿಯಿಲ್ಲ ಅಂದರೆ ನಂಬುವವನು ನಾನಲ್ಲ. ನಮ್ಮಿಬ್ಬರ ಸ್ಲೇಟಿನ ಮೇಲೆ ಗೆರೆ ಹಾಕುತ್ತಿದ್ದವಳು ನೀನು, ಮುರಿದ ಬಳಪದಲ್ಲೂ ನಿನ್ನ ಗೆರೆ ನೆಟ್ಟಗೆ ಬರುತ್ತಿತ್ತು.

ಏನು ಹೇಳಿದೆ ಅಕ್ಕಾ? ಫೋನಿನಲ್ಲಿ ನೀನು ಏನು ಹೇಳಿದೆ?

ಲೈನಿನಲ್ಲಿ ಬರೀ ಗೊರಗೊರ. ನಿನ್ನ ಧ್ವನಿ ಏರುವುದು, ಇಳಿಯುವುದು ಮಾತ್ರ ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಏನೋ ಒಂದು ಹೇಳಬೇಕಲ್ಲ ಎಂದು ಹೇಳಿದೆ. ನೀನು ಏನು ಹೇಳಿದಾಗ ನಾನು ಒಳ್ಳೆಯದಾಯಿತು ಅಂದೆ? ಇದನ್ನು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಭಾವನಿಗೆ ಏನಾದರೂ ಆಯಿತೇ? ಅವರೇ ಕೊಯ್ದರು ಎಂದು ಬರೆದಿದ್ದೀಯ, ಹಾಗಾದರೆ ಅವರು ಚೆನ್ನಾಗಿದ್ದಾರೆ. ಹಾಗಾದರೆ ನೀನು?

ನೀನು ಕೂತು ಹೇಳಿದೆ ಎಂದು ಬರೆದಿದ್ದೀಯ. ನೀನು ಕೂತು ಹೇಳುವವಳಲ್ಲ. ಗರಗಸವನ್ನು ಇನ್ನೊಬ್ಬರ ಕೈಗೆ ಕೊಟ್ಟವಳೇ ಅಲ್ಲ.

ಬೈಯಬೇಕಾದರೆ ಬೈಯಿ. ಆದರೆ ಬರಿ.

ಕಡ್ಡಿ


ಜುಲೈ ೧೦

ಕಡ್ಡಿ,

ನಿನ್ನ ಪತ್ರ ಓದಿ ನೇರ ಪಕ್ಕದ ಅಂಗಡಿಗೆ ಹೋದೆ. ಅವತ್ತು ಲೈನು ಹೇಗಿತ್ತು ಎಂದು ಕೇಳಿದೆ. "ಲೈನಿಗೇನಾಗಿತ್ತಮ್ಮ? ನಿಮ್ಮ ತಮ್ಮ ಮಾತಾಡಿದ್ದು ಇಲ್ಲಿ ನಂಗೇ ಕೇಳಿಸ್ತಿತ್ತು. ಆ ಕಡೆ ಯಾರೋ ಕೆಮ್ಮಿದ್ದೂ ಕೇಳಿಸ್ತು" ಅಂದರು. ಆಮೇಲೆ ನಿನ್ನ ಪತ್ರಗಳನ್ನೆಲ್ಲ ಹರಡಿಕೊಂಡು ಕೂತೆ. ಫೋನ್ ಮಾಡಬೇಡ ಎಂಬುದು ಮೊದಲ ಪತ್ರದಲ್ಲೇ ಇದೆ. ಅಕ್ಕನ ಜೀವಕ್ಕೆ ಏನೋ ಆಗಿಹೋಗುತ್ತದೆ ಎಂದು ಒದ್ದಾಡುವಾಗಲೂ ನೀನು ಫೋನ್ ಹಿಡಿಯಲಿಲ್ಲ, ಗುಮಾಸ್ತರ ಕೈಯಲ್ಲಿ ಹಿಡಿಸಿದೆ. ನಾನು ಅತ್ತದ್ದು ನಿನಗೆ ನಕ್ಕ ಹಾಗೆ ಕೇಳಿಸಿತು. ನಿನ್ನ ಬೆನ್ನಿಗೆ ಏನೂ ಆಗಿಲ್ಲ, ಅಲ್ಲವೇನೋ?

ನಾನು ಹೇಳಿದ್ದು ಏನೆಂದು ಕೇಳಿದ್ದೀಯ. ಹೇಳುತ್ತೇನೆ, ಕೂತುಕೊಂಡು ಓದು.

ಆ ಭಾನುವಾರ ಆನ್ ಮಾಡಿದೆವು, ಗುಂಯ್ ಎಂದಿತು, ಆರಿಸಿದೆವು. ಪ್ಲಗ್ ಕಿತ್ತು ಜೋಪಾನವಾಗಿ ನೆಲಕ್ಕೆ ಇಳಿಸಿದೆವು. ನಾನು ಸ್ಕ್ರೂ ಬಿಚ್ಚಿದೆ, ತಟ್ಟೆ ಹೊರಗೆ ಬರಲಿಲ್ಲ, ಒಳಗೆ ಬಲಗೈ ಹಾಕಿ ಎಳೆದೆ. ಆಮೇಲೆ ನನಗೆ ನೆನಪಿರುವುದು ಬಾಗಿಲ ಹತ್ತಿರ ಬಿದ್ದಿದ್ದು. ನಿನ್ನ ಭಾವ ಆಗ ಸ್ಕ್ರೂ ಹಾಕಿಡುವುದಕ್ಕೆ ಬಟ್ಟಲು ತರಲು ಒಳಗೆ ಹೋಗಿದ್ದರು, ಹಾಗಾಗಿ ಅವರು ಮುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಎದೆ ಬಡಿತ ನೋಡಿದರು. ಅದು ಸರಿಯಾಗಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು ಸುಟ್ಟಿವೆ. ಗಾಯ ಮಾಯುತ್ತಿದೆ, ಸ್ಪರ್ಶ ಮಾತ್ರ ಬಂದಿಲ್ಲ. ಬಂದರೆ ತಿಂಗಳುಗಳು ಹಿಡಿಯುತ್ತವೆ ಎಂದು ಡಾಕ್ಟರು ಹೇಳಿದರು. ಬಂದರೆ ಅಂದರು.

ಇದನ್ನೇ ನಿನಗೆ ಫೋನಿನಲ್ಲಿ ಹೇಳಿದ್ದು. "ಕಡ್ಡಿ, ನನ್ನ ಬೆರಳು ಸತ್ತುಹೋಗಿದಾವೆ ಕಣೋ" ಅಂದೆ. ನೀನು ಒಳ್ಳೆಯದಾಯಿತು ಅಂದೆ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನಿನ್ನ ಪೆಟ್ಟಿಗೆಯನ್ನು ಒಲೆಗೆ ಹಾಕುತ್ತೇನೆ ಅಂದೆ. ನಿನ್ನ ಭಾವನೇ ತಡೆದರು. ಆಮೇಲೆ ಹಟಕ್ಕೆ ಬಿದ್ದು ಮುಗಿಸಿದೆ. ಹಲಗೆ ನಯವಾಯಿತೋ ಇಲ್ಲವೋ ಎನ್ನುವುದು ನನಗೆ ಕಣ್ಣಿನಿಂದ ತಿಳಿಯುವುದಲ್ಲ, ಬೆರಳಿನಿಂದ ತಿಳಿಯುವುದು. ಎಡಗೈಗೆ ಆ ಬುದ್ಧಿ ಇಲ್ಲ. ಕೊನೆಗೆ ಕೆನ್ನೆ ಒತ್ತಿ ನೋಡಿದೆ. ಕೆನ್ನೆಗೆ ತಿಳಿಯುತ್ತದೆ. ನಿನ್ನ ಪೆಟ್ಟಿಗೆಯ ಆರು ಮೈಯನ್ನೂ ಕೆನ್ನೆಯಲ್ಲಿ ನೋಡಿಯೇ ಕಳಿಸಿದ್ದು.

ನನ್ನದು ನಾನು ಇಳಿಸಿದೆ. ಬಿಚ್ಚುವ ಮೊದಲು ಇಳಿಸಬೇಕು ಎಂದು ಹೇಳಿಕೊಟ್ಟವನು ನೀನು. ಈಗ ನಿನ್ನದು ಇಳಿಸು.

ಅಕ್ಕ


ಜುಲೈ ೧೫

ಅಕ್ಕಾ,

ನಿನ್ನ ಪತ್ರವನ್ನು ಹೋಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ನಿನ್ನ ಬೆರಳು ನನ್ನಿಂದ ಹೋಯಿತು. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಬೆನ್ನು ನೋವು ಎಂದು ಸುಳ್ಳು ಹೇಳಿದೆ, ಒಂದೇ ಒಂದು ನಿಜವನ್ನು ಅರ್ಧಂಬರ್ಧ ಬರೆದೆ. ಆ ಅರ್ಧವೇ ನಿನಗೆ ಏಟು ಹಾಕಿತು.

ಹೌದು, ಬೆನ್ನಿಗೆ ಏನೂ ಆಗಿಲ್ಲ. ಕಿವಿ ಹೋಗುತ್ತಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಮಾತು ಕಂಬಳಿ ಹೊದ್ದುಕೊಂಡು ಬರುತ್ತದೆ. ಎದುರಿಗಿದ್ದರೆ ತುಟಿ ನೋಡಿ ಸುಧಾರಿಸುತ್ತೇನೆ. ಫೋನಿಗೆ ತುಟಿ ಇಲ್ಲವಲ್ಲ. ಡಾಕ್ಟರು ಗಿಟಾರು ಬಿಡಿ ಅಂದರು. ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ ಎಂದು ನಿನಗೆ ಗೊತ್ತು. ಇಲ್ಲಿ ಹಾಡುವವಳಿಗೆ ಮಾತ್ರ ತಿಳಿದಿದೆ. ತಾಳ ತಪ್ಪಿದರೆ ಕಾಲಲ್ಲಿ ತಟ್ಟಿ ತೋರಿಸುತ್ತಾಳೆ. ಮ್ಯಾನೇಜರಿಗೆ ತಿಳಿದ ದಿನ ಇಲ್ಲಿಂದ ಹೊರಡಬೇಕು.

ಒಂದು ದಿನ ಕುರ್ಚಿ ಸಿಗದೆ ಡೋಲಕಿಯವನ ಖಾಲಿ ಪೆಟ್ಟಿಗೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆ, ಪಕ್ಕದಲ್ಲೇ ಆಂಪ್ಲಿಫೈಯರು ಅದಕ್ಕೆ ತಾಗಿಕೊಂಡಿತ್ತು. ಸ್ವರ ಕೆಳಗಿನಿಂದ ಬಂತು. ಬೆನ್ನುಹುರಿ ಹಿಡಿದು ಹಲ್ಲಿನ ತನಕ ಬಂತು. ಆಂಪ್ಲಿಫೈಯರಿನ ಮೇಲೆಯೇ ಕೂತು ನೋಡಿದೆ, ಆಗಲಿಲ್ಲ. ಮೇಲೆ ವಾಲ್ವುಗಳ ಬಿಸಿ, ಗುಂಡಿಗಳು ತೊಡೆಯ ಕೆಳಗೆ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಎರಡನ್ನೂ ಬೇರೆ ಮಾಡಬೇಕಿತ್ತು. ಗುಂಡಿಗಳು ಎದುರಿಗೆ ಸ್ಟೂಲಿನ ಮೇಲೆ ಇರಬೇಕು, ಸ್ಪೀಕರು ನನ್ನ ಕೆಳಗಿರಬೇಕು. ಇದಕ್ಕೇ ಅಕ್ಕಾ. ಹೇಳಿದ್ದರೆ ನೀನು ಅಳುತ್ತಿದ್ದೆ, ಬಂದುಬಿಡು ಮನೆಗೆ ಅನ್ನುತ್ತಿದ್ದೆ. ಅದಕ್ಕೆ ಹೆದರಿದೆ.

ಪೆಟ್ಟಿಗೆಗಳು ಬಂದಿವೆ. ಕ್ಯಾಬಿನೆಟ್ಟನ್ನು ಎತ್ತಿ ನೋಡಿದೆ. ಹೂವಿನ ಹಾಗೆ ಹಗುರ. ನನ್ನ ಸುಳ್ಳು ಬೆನ್ನಿಗೆಂದು ತೆಳ್ಳಗೆ ಮಾಡಿದ್ದೀಯ, ಕೂತರೆ ಲಟಕ್ಕೆನ್ನುತ್ತದೆ, ಅನುಭವಿಸು ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದಿನ ಹಲಗೆ ತೆಗೆದು ನೋಡಿದರೆ ಒಳಗೆ ಮೇಲಿಂದ ಕೆಳಕ್ಕೆ ಒಂದು ಗಟ್ಟಿ ಕಂಬ, ಅದಕ್ಕೆ ಒಂದು ಅಡ್ಡಪಟ್ಟಿ. ತಲೆಗೆ ಹೋಗದ ಮಾತನ್ನೂ ನೀನು ಬಿಟ್ಟಿರಲಿಲ್ಲ.

ಕೂತೆ. ಮುರಿಯಲಿಲ್ಲ. ಗಿಟಾರಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದರ ನಡುಕ ಹಿಡಿದು ಶ್ರುತಿ ಮಾಡಿಕೊಂಡೆ, ಮೇಲಿನ ತಂತಿ ಮೀಟಿದೆ. ದಪ್ಪ ಹಲಗೆಯಾಗಿದ್ದರೆ ಅದು ಸ್ವರವನ್ನು ತಾನೇ ನುಂಗಿಕೊಳ್ಳುತ್ತಿತ್ತು. ಇದು ನಡುಗುತ್ತದೆ. ಒಂದೊಂದು ಸ್ವರಕ್ಕೂ ಒಂದೊಂದು ಬಗೆಯಲ್ಲಿ ನಡುಗುತ್ತದೆ. ಎರಡು ವರ್ಷದಿಂದ ಸಿಗದ ಸಣ್ಣ ಸ್ವರಗಳೆಲ್ಲ ಸಿಕ್ಕಿದವು. ಹಾಡುವವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅಳುತ್ತಿದ್ದೆನಂತೆ.

ಆಗ ನಿನ್ನ ಪತ್ರ ಬಂದಿರಲಿಲ್ಲ. ಆ ಹಲಗೆಯ ನಯಕ್ಕೆ ನೀನು ಏನು ಕೊಟ್ಟಿದ್ದೀಯ ಎಂದು ಗೊತ್ತಿರಲಿಲ್ಲ. ಈಗ ಅದರ ಮೇಲೆ ಕೂರಲು ಮನಸ್ಸು ಬರುತ್ತಿಲ್ಲ. ಮೂರು ದಿನವಾಯಿತು, ಹಳೆಯ ಸ್ಪೀಕರಿನಲ್ಲೇ ನುಡಿಸುತ್ತಿದ್ದೇನೆ, ತಪ್ಪುತ್ತಿದ್ದೇನೆ. ಮ್ಯಾನೇಜರು ನಿನ್ನೆ ಎರಡು ಸಲ ತಿರುಗಿ ನೋಡಿದರು.

ಕಡ್ಡಿ


ಜುಲೈ ೧೯

ಕಡ್ಡಿ,

ನಿನಗೆ ಬುದ್ಧಿ ಬರುವುದು ಯಾವಾಗ? ಕೆನ್ನೆ ಸವೆಸಿ ಮಾಡಿದ ಪೆಟ್ಟಿಗೆಯನ್ನು ಮೂಲೆಗಿಟ್ಟು ಪೂಜೆ ಮಾಡುತ್ತೀಯಾ? ಈ ಪತ್ರ ಮಡಚಿ ಜೇಬಿಗಿಟ್ಟು ಮೊದಲು ಹೋಗಿ ಅದರ ಮೇಲೆ ಕೂರು. ನೀನು ಕೂರದಿದ್ದರೆ ನನ್ನ ಬೆರಳು ಸುಮ್ಮನೆ ಹೋದ ಹಾಗೆ.

ನನ್ನಿಂದ ಎಂದು ಬರೆದಿದ್ದೀಯ. ಹೌದು, ನಿನ್ನಿಂದ. ನನ್ನ ಅವಸರದಿಂದಲೂ ಹೌದು. ಮೆಕ್ಯಾನಿಕ್ ಬರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಇಬ್ಬರೂ ಸಮಾನವಾಗಿ ಹಂಚಿಕೊಳ್ಳೋಣ. ಕೋಪ ಇನ್ನೂ ಇದೆ, ಅದನ್ನು ಎದುರಿಗೆ ಬಂದು ತೀರಿಸಿಕೊಳ್ಳುತ್ತೇನೆ. ನನಗೆ ಹೇಳದೆ ಎರಡು ವರ್ಷ ಕಿವುಡನಾಗಿದ್ದೀಯಲ್ಲ, ಅದಕ್ಕೆ.

ಮನೆಗೆ ಬಂದುಬಿಡು ಅನ್ನುವುದಿಲ್ಲ. ಅನ್ನಬೇಕೆಂದು ನಾಲಗೆ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಬಲಗೈಯಲ್ಲಿ ಇವತ್ತಿಗೂ ಏನೂ ತಿಳಿಯುತ್ತಿಲ್ಲ. ಸೂಜಿ ಚುಚ್ಚಿ ನೋಡುತ್ತಾರೆ, ನಾನು ಕಿಟಕಿ ಕಡೆ ನೋಡುತ್ತೇನೆ. ರಾತ್ರಿ ಹೆದರಿಕೆಯಾಗುತ್ತದೆ, ಇನ್ನು ಪೆಟ್ಟಿಗೆ ಮಾಡಲು ಆಗುವುದೇ ಇಲ್ಲವೋ ಏನೋ ಎಂದು. ನಿನಗೂ ಹಾಗೆಯೇ ಆಗುತ್ತಿರುತ್ತದೆ. ಇದನ್ನು ನಿನ್ನ ಭಾವನಿಗೂ ಹೇಳಿಲ್ಲ, ನಿನಗೆ ಹೇಳಿದ್ದೇನೆ. ನಿನ್ನ ಪೆಟ್ಟಿಗೆಯ ಮೇಲೆ ಈ ಕೈ ಇಟ್ಟು ನೋಡಬೇಕು ಅನ್ನಿಸಿದೆ. ನೀನು ನುಡಿಸು. ನನ್ನ ಬೆರಳಿಗೆ ಏನಾದರೂ ತಿಳಿಯುತ್ತದೋ ನೋಡೋಣ. ತಿಳಿಯದಿದ್ದರೆ ಕೆನ್ನೆ ಇದ್ದೇ ಇದೆ.

ಮಂಗಳವಾರ ರಾತ್ರಿ ಅಲ್ಲಿಗೆ ಬಂದಿಳಿಯುವ ಬಸ್ಸಿಗೆ ಬರುತ್ತಿದ್ದೇನೆ, ಒಬ್ಬಳೇ. ಬಸ್ ನಿಲ್ದಾಣಕ್ಕೆ ಬರಬೇಡ, ನೀನು ನುಡಿಸುವ ಹೊತ್ತು ಅದು. ನಿನ್ನ ಕೋಣೆ ನಾನೇ ಹುಡುಕಿಕೊಳ್ಳುತ್ತೇನೆ. ಬಸ್ಸು ತಡವಾದರೂ ಬಾಗಿಲಿಗೆ ಚಿಲಕ ಹಾಕಿಕೊಂಡು ಮಲಗಬೇಡ. ತಟ್ಟಿದರೆ ನನ್ನ ಬೆರಳಿಗೆ ತಿಳಿಯುವುದಿಲ್ಲ, ನಿನ್ನ ಕಿವಿಗೆ ಕೇಳಿಸುವುದಿಲ್ಲ.

ಅಕ್ಕ